ಬಾಣಂತಿ ಕೋಣೆಯ ದೀಪ

“ಹೂವು ಸಿಕ್ತೇನೋ?”

ಪ್ರವೀಣಕುಮಾರ ಬೈಕಿನಿಂದ ಇಳಿಯುವ ಮೊದಲೇ ತಾಯಿ ಗುರುಬಸಮ್ಮ ಬಾಗಿಲಿಗೆ ಬಂದು ಕೇಳಿದಳು. ಮಗನ ಕಿವಿಗೆ ಮಫ್ಲರ್ ಸುತ್ತಿತ್ತು, ಮೂಗು ಕೆಂಪಾಗಿತ್ತು. ಹಡಗಲಿಯಿಂದ ಕೊಟ್ಟೂರಿನ ತನಕ ಮಾರ್ಗಶಿರದ ಗಾಳಿಗೆ ಎದೆಯೊಡ್ಡಿ ಬಂದಿದ್ದ. ಜಾಕೆಟ್ಟಿನೊಳಗಿಂದ ಬಾಳೆಲೆಯ ಪೊಟ್ಟಣ ತೆಗೆದು ಕೊಟ್ಟ.

“ಇಷ್ಟೇನೋ?”

“ಈ ಚಳ್ಯಾಗ ಮಲ್ಲಿಗಿ ಎಲ್ಲೈತವ್ವ? ಗಿಡದಾಗ ಮೊಗ್ಗಿಲ್ಲ ಅಂತಾರ. ಮಾರ್ಕೆಟ್ಟಿನಾಗ ಒಬ್ಬಾಕಿ ಹತ್ರ ಇತ್ತು. ‘ಏನಣ್ಣ, ಮನ್ಯಾಗ ಮದಿವೇನು? ಕಾಲಲ್ಲದ ಕಾಲ್ದಾಗ ಮಲ್ಲಿಗಿ ಹುಡಿಕ್ಯಾಡ್ತಿ’ ಅಂತ ನಕ್ಕಳು.”

“ನೀ ಏನಂದಿ?”

“ಹೂಂ ಅಂದೆ.”

ಹೂವು ಮುಡಿಯಲಿಕ್ಕಲ್ಲ. ಕೂಸು ಉಳಿಯದ ಬಾಣಂತಿಗೆ ಎದೆಹಾಲು ಕಟ್ಟಿದರೆ ಜ್ವರ ಬರುತ್ತದೆಂದು ಮಲ್ಲಿಗೆಯನ್ನು ಎದೆಗೆ ಕಟ್ಟುತ್ತಾರೆ. ಹೂವಿನ ತಂಪಿಗೆ ಹಾಲು ಇಂಗುತ್ತದೆಂದು ಹಿರಿಯರ ನಂಬಿಕೆ. ಮಗಳು ಪುಷ್ಪಲತಾಳ ಹೆರಿಗೆಯಾಗಿ ವಾರ ಕಳೆದಿತ್ತು. ದಿನ ತುಂಬಿದ ಹೆಣ್ಣುಕೂಸು. ಹೊಟ್ಟೆಯೊಳಗೇ ಅದರ ಜೀವ ಹೋಗಿತ್ತು. ರಕ್ತ ಬಹಳ ಹೋಗಿ ಪುಷ್ಪಲತಾ ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತಂದೆ ಪಂಚಾಕ್ಷರಪ್ಪ ಕೂಸನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದು, ಉಜ್ಜಿನಿ ದಾರಿಯ ತಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದ. ಗುದ್ದು ತೋಡಿದವನು ಪ್ರವೀಣ. ಅಳಿಯ ಗುರುಬಸವರಾಜ ತೆಲಿಗಿಯ ಶಾಲೆಯ ಮಾಸ್ತರ. ಎಲ್ಲೋ ತರಬೇತಿಗೆ ಹೋಗಿದ್ದವನು ಬಂದು ಮುಟ್ಟುವ ಹೊತ್ತಿಗೆ ಬದುವಿನ ಮೇಲೆ ಹಸಿ ಮಣ್ಣು ಮಾತ್ರ ಇತ್ತು.

ಗುರುಬಸಮ್ಮ ಹೂವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಪಡಸಾಲೆಯಲ್ಲಿ ಕಸ ಗುಡಿಸುತ್ತಿದ್ದ ಸೊಸೆ ಸುಮಲತಾ ಆ ವಾಸನೆಗೆ ತಲೆಯೆತ್ತಿ, ಮತ್ತೆ ಕಸಬರಿಗೆಯ ಕಡೆ ನೋಡಿದಳು. ಅವಳು ಈ ಮನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ.

ಬಾಣಂತಿ ಕೋಣೆಯೆಂದರೆ ಅಡುಗೆಮನೆಯ ಪಕ್ಕದ ಕಿಟಕಿಯಿಲ್ಲದ ಸಣ್ಣ ಕೋಣೆ. ಪ್ರವೀಣ ಹುಟ್ಟಿದ್ದು ಅಲ್ಲೇ, ಪುಷ್ಪಲತಾ ಹುಟ್ಟಿದ್ದೂ ಅಲ್ಲೇ. ಹೊರಸಿನ ಕೆಳಗೆ ಕೆಂಡದ ಬೋಗುಣಿ, ಗೋಡೆಯ ಗೂಡಿನಲ್ಲಿ ಎಣ್ಣೆಯ ದೀಪ. ನೋವು ಕಾಣಿಸಿಕೊಂಡು ಮಗಳನ್ನು ಕಾರು ಹತ್ತಿಸಿದ ಕೂಡಲೇ ಗುರುಬಸಮ್ಮ ಆ ದೀಪ ಹಚ್ಚಿದ್ದಳು. ಅದು ಅವರ ಮನೆತನದ ಪದ್ಧತಿ. ನೋವಿನ ಹೊತ್ತಿಗೆ ಹಚ್ಚಿದ ದೀಪ ಕೂಸಿಗೆ ಹೆಸರಿಡುವ ತನಕ ಆರಬಾರದು. ಹೆಸರಿಟ್ಟ ದಿನ ತಾಯಿಯಾದವಳು ದೀಪವನ್ನು ಕೈಯಾರೆ ಒಯ್ದು ಅದರಿಂದಲೇ ಒಲೆ ಹೊತ್ತಿಸುತ್ತಾಳೆ, ಅವತ್ತಿನ ಅಡುಗೆ ಆ ಬೆಂಕಿಯ ಮೇಲೆ. ದೀಪವನ್ನು ಯಾರೂ ಆರಿಸುವುದಿಲ್ಲ. ಅದು ಒಲೆಗೆ ಸೇರುತ್ತದೆ.

ಈಗ ಹೆಸರಿಡುವ ದಿನ ಬರುವುದಿಲ್ಲ. ಅಂಥ ದೀಪವನ್ನು ಏನು ಮಾಡಬೇಕೆಂದು ಹಿಂದಿನವರು ಹೇಳಿಹೋಗಿರಲಿಲ್ಲ. ಗುರುಬಸಮ್ಮ ಬೆಳಿಗ್ಗೆ ಸಂಜೆ ಎಣ್ಣೆ ಹಾಕುತ್ತಲೇ ಇದ್ದಳು.

ಬಾಣಂತಿಯರಿಗೆ ನೀರು ಹಾಕುವ ಭರಮಮ್ಮ ಬೆಳಕು ಹರಿಯುವಾಗ ಬರುತ್ತಿದ್ದಳು. ಬಚ್ಚಲಲ್ಲಿ ಹಂಡೆಯ ನೀರು ಕುದಿಯುತ್ತಿರಬೇಕು, ಇಲ್ಲದಿದ್ದರೆ ಮನೆಯವರಿಗೆಲ್ಲ ಮಂಗಳಾರತಿ.

“ಬೆನ್ನು ಬಗ್ಗಿಸವ್ವ. ನಿಮ್ಮವ್ವನ ಬೆನ್ನಿಗೂ ನಾನ ನೀರು ಹಾಕಿದಾಕಿ. ಸುಟ್ಟುಹೋದ್ರೂ ಹಾಂ ಅಂದಾಕಿ ಅಲ್ಲ ಆಕಿ. ನೀ ನೋಡಿದ್ರ ಚೊಂಬು ಎತ್ತಿದ್ರನ ನಡುಗ್ತಿ.”

“ಭರಮಮ್ಮಕ್ಕ, ನೀ ನೋಡಿದೇನು?”

“ಏನನ್ನ?”

“ಕೂಸನ್ನ.”

ಭರಮಮ್ಮ ಹಂಡೆಯ ಕಡೆ ತಿರುಗಿದಳು. “ಕಣ್ಣು ಮುಚ್ಚು, ಸೀಗಿಕಾಯಿ ಬೀಳ್ತೈತಿ,” ಎಂದು ಚೊಂಬಿನ ಮೇಲೆ ಚೊಂಬು ಸುರಿದಳು.

ಎಚ್ಚರವಾದ ದಿನದಿಂದ ಪುಷ್ಪಲತಾ ಕೇಳುತ್ತಿದ್ದದ್ದು ಅದೊಂದೇ. ಕೂಸು ಹೆಂಗಿತ್ತು? ಯಾರ ಹಾಗಿತ್ತು? ಪ್ರವೀಣನನ್ನು ಕೇಳಿದ್ದಳು.

“ಒಂದು ಫೋಟೋನಾದ್ರೂ ತಗಿಬಾರದಿತ್ತೇನೋ ಅಣ್ಣ? ಫೋನ್ ಕೈಯಾಗ ಇತ್ತಲ್ಲ. ಗಿರಾಕಿ ಹುಟ್ಟಿದಬ್ಬ, ಕರು ಹಾಕಿದ ಎಮ್ಮಿ, ಎಲ್ಲಾನೂ ಸ್ಟೇಟಸ್ ಹಾಕ್ತಿ.”

“ಅದನ್ನ್ಯಾರು ತಗಿತಾರವ್ವ? ನಾ ಗುದ್ದು ತೋಡ್ತಿದ್ದೆ. ನನಗೆ ಬಟ್ಟಿ ಅಷ್ಟ ಕಂಡಿದ್ದು.”

ತಾಯಿಯನ್ನು ಕೇಳಿದರೆ, “ಅದೆಲ್ಲ ಕೇಳಬಾರದು, ಬಾಣಂತಿ ಅಳಬಾರದು. ಅತ್ತರ ಕಣ್ಣು ಹೊಕ್ಕಾವು, ನರ ಸಡ್ಲ ಆಕ್ಕಾವು,” ಎನ್ನುತ್ತಿದ್ದಳು. ಮುಖ ಕಂಡರೆ ಎದೆ ಒಡೆದೀತೆಂದು ಆಸ್ಪತ್ರೆಯಲ್ಲಿ ಗುರುಬಸಮ್ಮ ಆ ಬಟ್ಟೆಯ ಗಂಟಿನಿಂದ ಮುಖ ತಿರುಗಿಸಿ ನಿಂತಿದ್ದಳು. ಕೂಸಿನ ಮುಖ ನೋಡಿದವನು ಪಂಚಾಕ್ಷರಪ್ಪ ಒಬ್ಬನೇ. ಅವನ ಎದುರು ಆ ಮಾತು ಎತ್ತಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಪಂಚಾಕ್ಷರಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ಮಾತು ಕಡಿಮೆಯ ಮನುಷ್ಯ. ಆದರೆ ಬೆಳಗಿನ ಲಿಂಗಪೂಜೆಗೆ ಕೂತಾಗ ಮಾತ್ರ ಅವನ ದನಿ ಓಣಿಗೆಲ್ಲ ಕೇಳುತ್ತಿತ್ತು. ತಂದೆಯಿಂದ ಕಿವಿಯಲ್ಲೇ ಕಲಿತ ವಚನಗಳನ್ನು ಒಂದಾದ ಮೇಲೊಂದು ಹೇಳುತ್ತಿದ್ದ. ಎದುರುಮನೆಯ ನಾಗಲಿಂಗಮ್ಮ ಅದನ್ನು ಕೇಳಿಯೇ ಹಾಲಿಗೆ ಹೊರಡುವಾಕೆ. ಹೊಲದಿಂದ ಬಂದ ಮಾರನೆಯ ಬೆಳಿಗ್ಗೆಯಿಂದ ಅವನ ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ನಾಗಲಿಂಗಮ್ಮನಿಗೆ ಹಾಲಿಗೆ ತಡವಾಗತೊಡಗಿತ್ತು.

ಬಸುರಿ ಮಗಳಿಗೆ ಕುಬುಸ ಮಾಡಿದ ದಿನ ಅವನು ಎಂದಿಲ್ಲದ ಖುಷಿಯಲ್ಲಿದ್ದ. ಹೋಳಿಗೆ ಉಂಡು ಎಲೆ ಮಡಚುತ್ತ, “ಹೆಣ್ಣಾದ್ರ ನಮ್ಮವ್ವನ ಹೆಸರು. ಮರುಳಸಿದ್ದಮ್ಮ,” ಎಂದಿದ್ದ.

“ಅಯ್ಯಪ್ಪ! ಸಾಲ್ಯಾಗ ಹುಡುಗ್ರು ನಗ್ತಾರ. ಹಾಜರಿ ಕರೆಯಾಗ ಮಾಸ್ತರೂ ನಗ್ತಾರ,” ಎಂದು ಪುಷ್ಪಲತಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಬೇಕಾದ್ರ ನಿಮ್ಮ ಅಳಿಯನ್ನ ಕೇಳು.”

ಅಳಿಯನೂ ನಕ್ಕಿದ್ದ. ಪಂಚಾಕ್ಷರಪ್ಪನೂ ನಕ್ಕು ಸುಮ್ಮನಾಗಿದ್ದ.

ದಿನಗಳು ಹೋದವು. ಗುರುಬಸಮ್ಮ ಅಂಟಿನ ಉಂಡೆ ಕಟ್ಟಿದಳು. ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಪಲ್ಯ, ಮೆಣಸು ಕುಟ್ಟಿ ಹಾಕಿದ ಬಿಸಿ ಅನ್ನ. ಹೊತ್ತೊತ್ತಿಗೆ ತಾಟು ಒಳಗೆ ಹೋಗುತ್ತಿತ್ತು, ಹೆಚ್ಚುಕಡಿಮೆ ಹೋದ ಹಾಗೆಯೇ ಹೊರಗೆ ಬರುತ್ತಿತ್ತು. ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ಹೊಗೆ ಕೊಡುವಾಗ ಮಗಳು ಕೆಮ್ಮುತ್ತಿದ್ದಳೇ ಹೊರತು ಬೇಡ ಎನ್ನುತ್ತಿರಲಿಲ್ಲ. ಡಾಕ್ಟರು ರಕ್ತ ಕಡಿಮೆ ಇದೆ, ಚೆನ್ನಾಗಿ ಉಣಿಸಬೇಕು, ಇಲ್ಲದಿದ್ದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದಿದ್ದರು.

ಒಂದು ಮಧ್ಯಾಹ್ನ ತಿರುಗಿ ಬಂದ ತಾಟನ್ನು ನೋಡಿ ಸುಮಲತಾಳಿಗೆ ತಡೆಯಲಾಗಲಿಲ್ಲ.

“ಅತ್ತಿ, ಆಕಿ ಉಣ್ಣಂಗಿಲ್ಲ. ನೀವು ಎಷ್ಟು ಉಂಡಿ ಕಟ್ಟಿದ್ರೂ ಉಣ್ಣಂಗಿಲ್ಲ.”

“ಉಣ್ತಾಳ ಬಿಡು. ಮೈ ಕಾವೇರಿದ್ರ ಹಸಿವಿ ತಾನ ಆಕ್ಕೈತಿ.”

“ಕೂಸಿಲ್ಲದ ಕೋಣ್ಯಾಗ ದೀಪ ಇಟ್ಟು, ಹೊಗಿ ಹಾಕಿ, ಕಿವಿ ಕಟ್ಟಿ ಕುಂದ್ರಿಸೀರಿ. ಆಕಿ ಕಣ್ಣು ತೆರೆದಾಗೆಲ್ಲ ಆ ದೀಪ ಕಾಣ್ತೈತಿ. ಅದನ್ನ ತೆಗಿಬಾರದೇನ್ರಿ?”

“ಹೆಸರಿಡದ ದೀಪ ಆರಿಸಂಗಿಲ್ಲ.”

“ಹೆಸರು ಯಾರಿಗಿಡ್ತೀರಿ?”

ಗುರುಬಸಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. “ಬಾಯಿ ಮುಚ್ಚಲೇ! ನಿನಗೇನು ಗೊತ್ತು? ಹಡದೀಯೇನು ನೀನು?”

ಸುಮಲತಾ ತಾಟನ್ನು ತೊಳೆಯಲು ಹಿತ್ತಲಿಗೆ ಹೋದಳು. ತೊಳೆದ ತಾಟನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗುರುಬಸಮ್ಮ ಬಂದು ಪಕ್ಕದಲ್ಲಿ ನಿಂತಳು.

“ಏನೋ ಅಂದುಬಿಟ್ಟೆ. ನೀರು ತಣ್ಣಗದಾವು, ಇತ್ತ ಕೊಡು.”

“ಇರ್ಲಿ ಬಿಡ್ರಿ.”

“ಕೊಡಂದ್ರ ಕೊಡು. ನನಗೂ ಏನ ಮಾಡಬೇಕೋ ತಿಳಿವಲ್ದವ್ವ. ಆಕಿಗೆ ಹೊಟ್ಟಿ ಕಟ್ಟಬೇಕು, ಎಣ್ಣಿ ಹಚ್ಚಬೇಕು, ಅದು ಗೊತ್ತು. ಅಷ್ಟ ಗೊತ್ತು ನನಗೆ.”

ಇಬ್ಬರೂ ಒಂದೇ ಬಾನಿಯಲ್ಲಿ ಕೈ ಅದ್ದಿ ಪಾತ್ರೆ ತೊಳೆದರು.

ಎಳ್ಳಮಾಸಿ ಇನ್ನೊಂದು ವಾರವಿದೆ ಎನ್ನುವಾಗ ಗುರುಬಸವರಾಜ ಬಂದ. ಅವನ ಅವ್ವ ಒಣಕೊಬ್ಬರಿ, ಉತ್ತತ್ತಿ ಕಳಿಸಿದ್ದಳು. ಪಡಸಾಲೆಯ ಕುರ್ಚಿಯಲ್ಲಿ ಕೂತು ಚಹಾದ ಬಟ್ಟಲನ್ನು ತಿರುಗಿಸುತ್ತಲೇ ಇದ್ದ.

“ಹಬ್ಬ ಆದ ಮ್ಯಾಲ ಕರ್ಕೊಂಡು ಬಾ ಅಂದಾಳ್ರಿ ನಮ್ಮವ್ವ. ಅಲ್ಲಿದ್ರ ಸ್ವಲ್ಪ ಮರಿತಾಳ ಅಂತ.”

“ಹಬ್ಬ ಆಗ್ಲಿ, ನೋಡೋಣು,” ಎಂದ ಪಂಚಾಕ್ಷರಪ್ಪ.

“ಮಾವ...” ಗುರುಬಸವರಾಜ ಏನೋ ಕೇಳಲು ಹೋದ. ಪಂಚಾಕ್ಷರಪ್ಪ ಶಲ್ಯ ಹೆಗಲಿಗೆ ಹಾಕಿಕೊಂಡು, “ಅಂಗಡ್ಯಾಗ ಪ್ರವೀಣ ಒಬ್ಬನ ಅದಾನ,” ಎಂದು ಹೊರಟುಬಿಟ್ಟ.

ಒಳಗೆ ಪುಷ್ಪಲತಾ ಗಂಡನಿಗೆ ಹೊರಸಿನ ತುದಿಯಲ್ಲಿ ಜಾಗ ಕೊಟ್ಟಳು. ಬಾಗಿಲ ಹೊರಗೆ ಅಕ್ಕಿ ಆರಿಸುತ್ತಿದ್ದ ಸುಮಲತಾಳಿಗೆ ಅವರ ಮಾತು ಕೇಳುತ್ತಿತ್ತು.

“ಉಣ್ಣವಲ್ಲೆಂತ.”

“ಉಣ್ತೀನಿ.”

“ಪುಷ್ಪಾ, ಮರಿಬೇಕು.”

“ಏನನ್ನ ಮರಿಲ್ರಿ? ನೋಡಿದ್ರ ಅಲ್ಲೇನು ಮರಿಯೋದು? ನಾ ನೋಡ್ಲಿಲ್ಲ, ನೀವೂ ನೋಡ್ಲಿಲ್ಲ. ಕಣ್ಣು ಮುಚ್ಚಿದ್ರ ಒಂದೊಂದ್ಸಲ ಒಂದೊಂದು ಮುಖ ಬರ್ತೈತಿ. ಟೀವಿ ಜಾಹೀರಾತಿನ ಕೂಸು ಬರ್ತೈತಿ. ಆಸ್ಪತ್ರಿ ಗೋಡಿ ಮ್ಯಾಲಿನ ಪಟದ ಕೂಸು ಬರ್ತೈತಿ. ನನ್ನದು ಬರವಲ್ದು. ಯಾರನ್ನ ಅಂತ ಅಳಬೇಕು ನಾನು?”

ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಾಗ ಹೊಸ್ತಿಲಲ್ಲಿ ತಡೆದು ನಿಂತು ಕನ್ನಡಕ ಒರೆಸಿಕೊಂಡ. “ಅಕ್ಕಾರ, ಆಕಿನ್ನ ನೋಡ್ಕೋರಿ,” ಎಂದು ತನಗಿಂತ ಚಿಕ್ಕವಳಾದ ಸುಮಲತಾಳಿಗೆ ಹೇಳಿ ಹೋದ.

ಅವತ್ತು ಸಂಜೆ ಸುಮಲತಾ ಮಾವನಿಗೆ ಚಹಾ ಕೊಟ್ಟು, ಬಟ್ಟಲಿಗಾಗಿ ಕಾಯುವವಳಂತೆ ನಿಂತೇ ಇದ್ದಳು.

“ಏನವ್ವ?”

“ಮಾವ, ಆಕಿಗೆ ನೀವ ಹೇಳಬೇಕ್ರಿ. ಕೂಸು ಹೆಂಗಿತ್ತು ಅಂತ. ಅದಕ್ಕ ಉಪಾಸ ಬಿದ್ದಾಳ ಆಕಿ.”

“ಬಾಣಂತಿ ಅಳಬಾರದು ಅಂತಾಳ ನಿಮ್ಮತ್ತಿ.”

“ಈಗೇನು ನಗಾಕತ್ಯಾಳೇನ್ರಿ?”

ಪಂಚಾಕ್ಷರಪ್ಪ ಬಟ್ಟಲನ್ನು ಕೆಳಗಿಟ್ಟ. ಅವನ ಬಲಗೈ ತನ್ನಷ್ಟಕ್ಕೆ ಎಡ ಅಂಗೈಯನ್ನು ಮುಚ್ಚಿಕೊಂಡಿತು. “ನನಗೆ ಬಾಯಿ ಬರಂಗಿಲ್ಲ ತಂಗಿ,” ಎಂದ. “ನಿತ್ಯ ಹೇಳೋ ವಚನನ ಬರವಲ್ವು.”

ಸುಮಲತಾ ಬಟ್ಟಲು ತೆಗೆದುಕೊಂಡು ಒಳಗೆ ನಡೆದಳು.

ಎಳ್ಳಮಾಸಿಯೆಂದರೆ ಆ ಸೀಮೆಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಸಜ್ಜೆ ರೊಟ್ಟಿ, ಕಾಳುಪಲ್ಯ, ಹೋಳಿಗೆ, ಬಾನ ಒಯ್ದು, ಫಲ ಹೊತ್ತ ನೆಲಕ್ಕೆ ಮೊದಲ ತುತ್ತು ಚೆಲ್ಲಿ ಆಮೇಲೆ ಮನೆಮಂದಿ ಉಣ್ಣುತ್ತಾರೆ. ಈ ಸಲ ಮಾಡಬೇಕೋ ಬೇಡವೋ ಎಂದು ಮನೆಯಲ್ಲಿ ಗುದ್ದಾಟವಾಯಿತು. “ಆ ಹೊಲಕ್ಕ ಯಾವ ಕಾಲ್ಲೆ ಹೋಗ್ಲಿ?” ಎಂದು ಗುರುಬಸಮ್ಮ ಕೂತುಬಿಟ್ಟಳು. “ನಮಗ ಸೂತಕ ಅನ್ನೋದಿಲ್ಲ. ನೆಲ ಉಪಾಸ ಇರಬಾರದು,” ಎಂದ ಪಂಚಾಕ್ಷರಪ್ಪ. ಅವನು ಇತ್ತೀಚೆಗೆ ಆಡಿದ ಅತಿ ಉದ್ದನೆಯ ಮಾತು ಅದೇ ಆಗಿತ್ತು. ಹಾಗಾಗಿ ಸಜ್ಜೆ ಬೀಸಿಸಿಕೊಂಡು ಬಂದರು.

ಹಬ್ಬದ ಮುಂಜಾನೆ ಇನ್ನೂ ನಸುಕು. ಹಿತ್ತಲ ಪಡವಿಯಲ್ಲಿ ರೊಟ್ಟಿಯ ಒಲೆಗೆ ಸುಮಲತಾ ತೊಗರಿ ಕಟ್ಟಿಗೆ ಜೋಡಿಸಿದ್ದಳು. ಗುರುಬಸಮ್ಮ ಬಿಸಿನೀರಲ್ಲಿ ಹಿಟ್ಟು ನಾದುತ್ತಿದ್ದಳು, ಪಕ್ಕದ ತಾಟಿನಲ್ಲಿ ಎಳ್ಳು. ಪ್ರವೀಣ ತಲೆಗೆ ಟವೆಲ್ ಸುತ್ತಿಕೊಂಡು ಬೆಂಕಿಗೆ ಕಾಯುತ್ತ, “ಒಲಿ ಹಚ್ರಿ ಲಗೂನ, ಕೈ ಸೆಟದು ಹೋದ್ವು,” ಎನ್ನುತ್ತಿದ್ದ. ಪಂಚಾಕ್ಷರಪ್ಪ ಪೂಜೆ ಮುಗಿಸಿ, ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದು ಕಂಬಕ್ಕೆ ಒರಗಿ ಕೂತಿದ್ದ.

ಬಾಣಂತಿ ಕೋಣೆಯ ಬಾಗಿಲು ಸದ್ದಾಯಿತು. ಪುಷ್ಪಲತಾ ಹೊರಗೆ ಬಂದಳು. ಕಿವಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಎರಡೂ ಕೈಯಲ್ಲಿ ಗೂಡಿನ ದೀಪ.

“ಅಯ್ಯೋ, ಥಂಡಿ ಐತಿ! ಒಳಗೆ ನಡಿ ಪುಷ್ಪಾ,” ಎಂದು ಗುರುಬಸಮ್ಮ ಹಿಟ್ಟಿನ ಕೈಯಲ್ಲೇ ಎದ್ದಳು.

“ಇದನ್ನ ಆರಿಸ್ತೀನವ್ವ. ನಿನಗೂ ಅತ್ತಿಗಿಗೂ ಇದರ ಸಲುವಾಗಿ ಜಗಳ ಬ್ಯಾಡ. ನನಗೂ ಸಾಕಾಗೈತಿ. ದಿನಾ ನೋಡಿ ನೋಡಿ ಸಾಕಾಗೈತಿ.”

“ಬಾಯಿಲೆ ಊದಬ್ಯಾಡವ್ವ, ನಿನ್ನ ಕಾಲು ಬೀಳ್ತೀನಿ. ಹೆಸರಿಡದ ದೀಪ ಆರಿಸಂಗಿಲ್ಲ.”

“ಮತ್ತ ಎಂದಿಡ್ತಿ ಹೆಸರು? ಯಾವತ್ತು?” ಪುಷ್ಪಲತಾ ತಾಯಿಯ ಕಡೆ ತಿರುಗಿದಳು. “ಎಣ್ಣಿ ಹಾಕ್ಕೋಂತ ಕುಂದ್ರು ನೀನು. ನಾ ಸಾಯೋ ತನಕ ಹಾಕು.”

ಅವಳು ದೀಪವನ್ನು ಮುಖದ ಹತ್ತಿರ ತಂದಳು.

“ಹೆಸರು ಇಟ್ಟೈತವ್ವ.”

ಯಾರು ಮಾತಾಡಿದರೆಂದು ಎಲ್ಲರೂ ತಿರುಗಿದರು. ಪಂಚಾಕ್ಷರಪ್ಪ ನೆಲ ನೋಡುತ್ತಿದ್ದ.

“ನಾನ ಇಟ್ಟೀನಿ. ಹೆಸರಿಲ್ಲದ ಕೂಸನ್ನ ಮಣ್ಣಿಗೆ ಹೆಂಗ ಕೊಡ್ಲಿ? ‘ಯಾರಾಕಿ ನೀನು’ ಅಂತ ಕೇಳಿದ್ರ ಏನಂತ ಹೇಳಬೇಕದು?”

ಪುಷ್ಪಲತಾ ದೀಪ ಹಿಡಿದುಕೊಂಡೇ ಅಪ್ಪನ ಎದುರು ಕುಸಿದು ಕೂತಳು.

“ಹೆಂಗಿತ್ತಪ್ಪ?”

“ತಲಿ ತುಂಬ ಕೂದಲವ್ವ. ಕಿವಿ ಮ್ಯಾಲ ಬಂದಿದ್ವು. ಹಣಿ ಅಗಲ, ನಿಮ್ಮವ್ವಂದು. ಕೆಳಗಿನ ತುಟಿ ನಡುವ ಒಂದು ಗೆರಿ ಇತ್ತು, ನಿನಗೈತಲ್ಲ, ಹಂಗ. ಮೂಗು ನಮ್ಮ ಕಡೀದಲ್ಲ. ಅಳಿಯಂದ್ರದು, ಸ್ವಲ್ಪ ಚೂಪು. ಬೆಳ್ಳಗಿರಲಿಲ್ಲ, ನನ್ನಂಗ ಎಣ್ಣಿಗಪ್ಪು. ಬಲಗೈ ಮುಟಿಗಿ ಕಟ್ಟಿತ್ತು. ಎಡಗೈ ಬಿಚ್ಚಿತ್ತು.”

ಅವನು ತನ್ನ ಎಡ ಅಂಗೈ ಬಿಚ್ಚಿ ನೋಡಿದ.

“ಅದರಾಗ ಲಿಂಗ ಇಟ್ಟೆ. ಸಣ್ಣ ಕೈ, ಹಿಡಿಲಿಲ್ಲ. ಶಿವದಾರ ಸುತ್ತಿ ಕಟ್ಟಿದೆ. ಕಣ್ಣು ಮುಚ್ಚಿದ್ವು. ನಿದ್ದಿ ಹತ್ತಿದಂಗ ಇತ್ತು. ಬಟ್ಟಿ ಬಿಚ್ಚಿ ಎಲ್ಲಾ ನೋಡೀನಿ. ನೀ ಎದ್ದು ಕೇಳ್ತಿ ಅಂತ ಗೊತ್ತಿತ್ತು. ನೋಡಿಟ್ಕೊಂಡೆ. ಹೇಳಾಕ ಬಾಯಿ ಬರಲಿಲ್ಲ.”

“ಏನಂತ ಕರೆದಿ?”

ಪಂಚಾಕ್ಷರಪ್ಪ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಮಗಳ ಕಡೆ ನೋಡಿದ.

“ನಿನಗೆ ಸೇರಂಗಿಲ್ಲ ಅಂತ ಗೊತ್ತಿತ್ತು. ಆದ್ರ ಆ ಹೊತ್ತಿನಾಗ ಬಾಯಿಗೆ ಅದ ಬಂತು. ಕಿವ್ಯಾಗ ಮೂರು ಸಲ ಹೇಳಿದೆ. ಮರುಳಸಿದ್ದಮ್ಮ.”

ಪುಷ್ಪಲತಾಳ ತುಟಿ ಸೊಟ್ಟಗಾಯಿತು. ನಗುವೋ ಅಳುವೋ ತಿಳಿಯಲಿಲ್ಲ.

“ನಗ್ತಿದ್ರಪ್ಪ,” ಎಂದಳು. “ಸಾಲ್ಯಾಗ ಹುಡುಗ್ರು ನಗ್ತಿದ್ರು.”

“ನಗ್ತಿದ್ರವ್ವ.”

“ಮಾಸ್ತರೂ ನಗ್ತಿದ್ರು.”

“ಹೂಂ. ಅವರೂ ನಗ್ತಿದ್ರು.”

ಆಗ ಅಳು ಬಂತು. ಕರುಳಿನಿಂದ ಕಿತ್ತು ಬಂದಂಥ ಅಳು. ಗುರುಬಸಮ್ಮ, “ಅಳಬಾರದು” ಎನ್ನಲು ಬಾಯಿ ತೆರೆದವಳು, ಹಿಟ್ಟಿನ ಕೈಯಲ್ಲೇ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತಳು. ಅಲ್ಲಾಡುತ್ತಿದ್ದ ದೀಪವನ್ನು ಸುಮಲತಾ ಕೆಳಗಿನಿಂದ ಕೈಯೊಡ್ಡಿ ಹಿಡಿದುಕೊಂಡಳು. ಪ್ರವೀಣ ಗೋಡೆಯ ಕಡೆ ತಿರುಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಎದುರುಮನೆಯ ನಾಗಲಿಂಗಮ್ಮ ಹಾಲಿನ ಕ್ಯಾನು ಹಿಡಿದು ಓಣಿಯಲ್ಲಿ ನಿಂತು, ಯಾರನ್ನೂ ಕರೆಯದೆ ಮುಂದೆ ಹೋದಳು.

ಬೆಳಕು ಹರಿಯಿತು. ಗುರುಬಸಮ್ಮನೇ ಮೊದಲು ಸೆರಗಿನಿಂದ ಮಗಳ ಮುಖ ಒರೆಸಿದಳು. ಕೆನ್ನೆಯ ಮೇಲೆ ಸಜ್ಜೆ ಹಿಟ್ಟು ಮೆತ್ತಿತ್ತು.

“ಹೆಸರಿಟ್ಟ ಮ್ಯಾಲ ದೀಪ ಒಲಿಗೆ ಹೋಗಬೇಕವ್ವ. ತಾಯಿನ ಒಯ್ಯಬೇಕು. ಏಳು.”

ಪುಷ್ಪಲತಾ ಎದ್ದಳು. ಸುಮಲತಾ ಒಂದು ತೊಗರಿ ಕಡ್ಡಿ ಕೊಟ್ಟಳು. ಅದನ್ನು ದೀಪಕ್ಕೆ ಹಿಡಿದು ಒಲೆಯ ಬಾಯಿಗೆ ಇಟ್ಟಳು. ಪುಳ್ಳೆ ಹೊತ್ತಿಕೊಂಡು ಚಟಚಟ ಎಂದಿತು. ಆಮೇಲೆ ಬತ್ತಿಯನ್ನೇ ಎತ್ತಿ ಬೆಂಕಿಯೊಳಗೆ ಬಿಟ್ಟಳು. ಖಾಲಿ ಹಣತೆ ಅವಳ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು, ಅದನ್ನು ಕೆಳಗಿಡಲಿಲ್ಲ.

ಹಂಚು ಕಾದಿತು. ಗುರುಬಸಮ್ಮ ಮೊದಲ ರೊಟ್ಟಿ ಬಡಿದಳು. ಅಂಗೈಯಗಲದ ಪುಟ್ಟ ರೊಟ್ಟಿ, ಎಳ್ಳು ಹಚ್ಚಿದ್ದು. ಅದು ಚರಗದ ಬುಟ್ಟಿಗೆ. ಬದುವಿಗೆ ಯಾವ ರೊಟ್ಟಿ ಎಂದು ಯಾರೂ ಕೇಳಲಿಲ್ಲ. ಎರಡನೆಯದು ದೊಡ್ಡದು, ಸುಮಲತಾ ಅದಕ್ಕೆ ಬೆಣ್ಣೆ ಹಚ್ಚಿ ನಾದಿನಿಯ ಎದುರಿಗೆ ಇಟ್ಟಳು.

ಪುಷ್ಪಲತಾ ಒಂದು ತುಂಡು ಮುರಿದಳು. ಬಾಯಿಯ ಹತ್ತಿರ ತಂದು ನಿಲ್ಲಿಸಿದಳು.

“ಇನ್ನೊಮ್ಮಿ ಹೇಳಪ್ಪ.”

ಪಂಚಾಕ್ಷರಪ್ಪ ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ನೆಟ್ಟಗೆ ಕೂತ.

“ತಲಿ ತುಂಬ ಕೂದಲವ್ವ,” ಎಂದು ಮೊದಲಿನಿಂದ ಶುರುಮಾಡಿದ. ಅವನ ದನಿ ಓಣಿಗೆ ಕೇಳುತ್ತಿತ್ತು.